ವಾರದ ಮದ್ದು, ದಿನದ ಮದ್ದು
(‘ಡಿ’ ಜೀವಸತ್ವವನ್ನು ಕುರಿತು ಒಂದು ಪಾಠ)



ಬಿಸಿಲಿನ ನಾಡಿನಲ್ಲಿ ಹುಟ್ಟಿ ಬೆಳೆದ ಜನರಿಗೆ ಬಿಸಿಲಿನ ಕೊರತೆಯಿಂದ ವ್ಯಾಧಿ ಬರುವುದೆಂದರೆ ಕೇಳಿದವರಿಗೆ ಆಶ್ಚರ್ಯವಾಗದೆ ಇರದು. ಆದರೂ ನಮ್ಮ ಮುಂಬಯಿಯಂತಹ ನಗರಗಳಲ್ಲಿ ಸೊಂಟನೋವು, ಕಾಲುನೋವು, ನಿಶ್ಶಕ್ತಿ ಎಂದು ವೈದ್ಯರ ಬಳಿಗೆ ಹೋದವರಲ್ಲಿ ಅನೇಕರು ‘ಡಿ’ ಜೀವಸತ್ವದ ಮಾತ್ರೆಗಳನ್ನೋ ಪುಡಿಯ ಪೊಟ್ಟಣಗಳನ್ನೋ ಹಿಡಿದು ಹಿಂದಿರುಗುತ್ತಾರೆ. ನಿಮ್ಮ ಮನೆಯ ಕಪಾಟಿನಲ್ಲಿಯೂ ಅಂತಹ ಪೊಟ್ಟಣವೊಂದು ಇದ್ದಿರಬಹುದು. ಆ ಮದ್ದು ಏನು, ಅದನ್ನು ಎಷ್ಟು ತೆಗೆದುಕೊಳ್ಳಬೇಕು, ಹೆಚ್ಚಾದರೆ ಏನಾಗುತ್ತದೆ, ಮರೆತರೆ ಏನು ಮಾಡತಕ್ಕದ್ದು ಎಂಬುದನ್ನು ತಿಳಿಯುವುದೇ ಈ ಪಾಠದ ಉದ್ದೇಶ.

ಮದ್ದಿನ ವಿಚಾರ ದೊಡ್ಡವರದು, ನಮಗೇಕೆ ಎಂದು ನೀವು ಕೇಳಬಹುದು. ಊರು ಬಿಟ್ಟು ಈ ನಗರಕ್ಕೆ ಬಂದು ನೆಲಸಿದ ನಮ್ಮ ಜನರ ಮನೆಗಳಲ್ಲಿ ಔಷಧದ ಚೀಟಿಯನ್ನು ಓದುವವರು ಅನೇಕ ವೇಳೆ ನೀವೇ. ತಂದೆ ಬೆಳಗ್ಗೆ ಕೆಲಸಕ್ಕೆ ಹೋದರೆ ರಾತ್ರಿ ಬರುತ್ತಾರೆ. ಅಜ್ಜಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಪೊಟ್ಟಣದ ಮೇಲಿನ ಬರವಣಿಗೆ ಇಂಗ್ಲಿಷಿನಲ್ಲಿರುತ್ತದೆ. ವೈದ್ಯರು ಮಾತನಾಡುವುದು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ. ಈ ಮೂರು ಭಾಷೆಗಳ ನಡುವೆ ಸೇತುವೆಯಾಗಿ ನಿಲ್ಲುವವರು ಶಾಲೆಗೆ ಹೋಗುವ ನೀವು. ಆದುದರಿಂದ ಈ ವಿಷಯವನ್ನು ನೀವು ಚೆನ್ನಾಗಿ ಅರಿತಿರಬೇಕು.

ಕಂಡುಹಿಡಿದ ಬಗೆ

ಪೋಲಂಡಿನ ವೈದ್ಯನಾದ ಸ್ನಿಯಾಡೆಕಿ ಎಂಬಾತನು 1822ರಲ್ಲಿ ಒಂದು ಸಂಗತಿಯನ್ನು ಗಮನಿಸಿ ಬರೆದನು. ವಾರ್ಸಾ ನಗರದ ಇಕ್ಕಟ್ಟಾದ ಬೀದಿಗಳಲ್ಲಿ ಬೆಳೆಯುವ ಮಕ್ಕಳಿಗೆ ಎಲುಬುಗಳು ಮೆದುವಾಗಿ ಕಾಲು ಬಾಗುವ ರಿಕೆಟ್ಸ್ ರೋಗ ಬಹಳವಾಗಿ ಬರುತ್ತಿತ್ತು. ಹಳ್ಳಿಯ ಮಕ್ಕಳಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಬಿಸಿಲೇ ಇದಕ್ಕೆ ಮದ್ದು ಎಂದು ಆತನು ಹೇಳಿದನು. ಆ ಮಾತಿಗೆ ಪ್ರಯೋಗದ ಬೆಂಬಲ ದೊರೆಯಲು ಸುಮಾರು ನೂರು ವರ್ಷಗಳು ಬೇಕಾದವು.

1919ರಲ್ಲಿ ಎರಡು ದಾರಿಗಳು ತೆರೆದವು. ಇಂಗ್ಲೆಂಡಿನ ಎಡ್ವರ್ಡ್ ಮೆಲನ್ಬಿ ನಾಯಿಮರಿಗಳನ್ನು ಮನೆಯೊಳಗೇ ಇಟ್ಟು, ಓಟ್ಸ್ ಧಾನ್ಯವನ್ನೇ ಮುಖ್ಯ ಆಹಾರವಾಗಿ ಕೊಟ್ಟಾಗ ಅವುಗಳಿಗೆ ರಿಕೆಟ್ಸ್ ಬಂದಿತು. ಕಾಡ್ ಎಂಬ ಮೀನಿನ ಯಕೃತ್ತಿನ ಎಣ್ಣೆಯನ್ನು ಕೊಟ್ಟರೆ ಬರಲಿಲ್ಲ. ಅದೇ ವರ್ಷ ಬರ್ಲಿನ್ ನಗರದಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ವೈದ್ಯನು ರೋಗಪೀಡಿತ ಮಕ್ಕಳ ಮೈಮೇಲೆ ಪಾದರಸದ ದೀಪದ ನೇರಳಾತೀತ ಕಿರಣಗಳನ್ನು ಹಾಯಿಸಿ ಅವರ ಎಲುಬುಗಳು ಗಟ್ಟಿಯಾದುದನ್ನು ತೋರಿಸಿದನು. ಎಣ್ಣೆಗೂ ಬೆಳಕಿಗೂ ಎತ್ತಣ ಸಂಬಂಧ ಎಂದು ಜನರು ಬೆರಗಾದರು. 1922ರಲ್ಲಿ ಅಮೆರಿಕದ ಮೆಕಾಲಮ್ ಎಂಬ ವಿಜ್ಞಾನಿಯು ಮೀನೆಣ್ಣೆಯನ್ನು ಕಾಯಿಸಿ, ಅದರ ಮೂಲಕ ಗಾಳಿಯನ್ನು ಹಾಯಿಸಿ, ಅದರಲ್ಲಿದ್ದ ‘ಎ’ ಜೀವಸತ್ವವನ್ನು ನಾಶಪಡಿಸಿದನು. ಆದರೂ ಎಣ್ಣೆಯು ರಿಕೆಟ್ಸನ್ನು ಗುಣಪಡಿಸುತ್ತಲೇ ಇದ್ದಿತು. ಹಾಗಾದರೆ ಅದರಲ್ಲಿ ಬೇರೊಂದು ಸತ್ವವಿದೆ ಎಂಬುದು ಸಿದ್ಧವಾಯಿತು. ಎ, ಬಿ, ಸಿ ಎಂಬ ಹೆಸರುಗಳು ಆಗಲೇ ಬಳಕೆಯಲ್ಲಿದ್ದುದರಿಂದ ಇದು ‘ಡಿ’ ಎನಿಸಿತು. ಇಂತಹ ಪದಾರ್ಥಗಳ ರಚನೆಯನ್ನೂ ಜೀವಸತ್ವಗಳೊಡನೆ ಅವುಗಳ ಸಂಬಂಧವನ್ನೂ ಶೋಧಿಸಿದ ಜರ್ಮನಿಯ ಅಡಾಲ್ಫ್ ವಿಂಡೌಸ್‌ನಿಗೆ 1928ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಶರೀರದಲ್ಲಿ ಅದರ ಕೆಲಸ

ನಮ್ಮ ಚರ್ಮದಲ್ಲಿ ಕೊಲೆಸ್ಟರಾಲಿಗೆ ಸಂಬಂಧಿಸಿದ ಒಂದು ಪದಾರ್ಥವಿದೆ. ಸೂರ್ಯನ ನೇರಳಾತೀತ ಕಿರಣಗಳಲ್ಲಿ ‘ಬಿ’ ಎಂಬ ಬಗೆಯವು ಅದರ ಮೇಲೆ ಬಿದ್ದಾಗ ಅದು ‘ಡಿ3’ ಜೀವಸತ್ವವಾಗಿ ಮಾರ್ಪಡುತ್ತದೆ. ಅಲ್ಲಿಂದ ರಕ್ತದೊಡನೆ ಯಕೃತ್ತಿಗೆ ಹೋಗಿ ಒಮ್ಮೆ, ಮೂತ್ರಪಿಂಡಕ್ಕೆ ಹೋಗಿ ಮತ್ತೊಮ್ಮೆ ರೂಪಾಂತರ ಹೊಂದಿದ ಮೇಲೆ ಅದು ಕಾರ್ಯಕ್ಕೆ ಸಿದ್ಧವಾಗುತ್ತದೆ. ನಾವು ಉಂಡ ಆಹಾರದಲ್ಲಿರುವ ಸುಣ್ಣದ ಅಂಶವನ್ನು, ಎಂದರೆ ಕ್ಯಾಲ್ಸಿಯಮನ್ನು, ಕರುಳಿನಿಂದ ರಕ್ತಕ್ಕೆ ಸೇರಿಸುವುದು ಅದರ ಮುಖ್ಯ ಕಾರ್ಯ. ಹಾಲು, ರಾಗಿ ಎಷ್ಟು ಉಂಡರೂ ‘ಡಿ’ ಜೀವಸತ್ವವಿಲ್ಲದಿದ್ದರೆ ಅವುಗಳ ಸುಣ್ಣದಲ್ಲಿ ಅಲ್ಪಭಾಗ ಮಾತ್ರವೇ ನಮಗೆ ದಕ್ಕುತ್ತದೆ. ಆಗ ಬೆಳೆಯುವ ಮಕ್ಕಳಲ್ಲಿ ರಿಕೆಟ್ಸ್ ಕಾಣಿಸಿಕೊಳ್ಳಬಹುದು. ದೊಡ್ಡವರಲ್ಲಿ ಎಲುಬು ಮೆದುವಾಗಿ ನೋವು, ಸ್ನಾಯುಗಳ ದುರ್ಬಲತೆ ಉಂಟಾಗುತ್ತವೆ.

ನಗರದಲ್ಲಿ ಕೊರತೆಯೇಕೆ? ಎತ್ತರವಾದ ಕಟ್ಟಡಗಳ ನಡುವಿನ ಕೋಣೆಗಳಿಗೆ ನೇರವಾದ ಬಿಸಿಲು ಬೀಳುವುದೇ ಅಪರೂಪ. ಹೊಗೆ ಮತ್ತು ಧೂಳು ಆ ಕಿರಣಗಳನ್ನು ತಡೆಯುತ್ತವೆ. ಮಳೆಗಾಲದ ನಾಲ್ಕು ತಿಂಗಳು ಮೋಡ ಕವಿದಿರುತ್ತದೆ. ಕಿಟಕಿಯ ಗಾಜಿನ ಮೂಲಕ ಬೆಳಕು ಬರುತ್ತದೆ, ಸೆಕೆಯೂ ಬರುತ್ತದೆ. ಬೇಕಾದ ಆ ಕಿರಣಗಳು ಮಾತ್ರ ಗಾಜನ್ನು ದಾಟಲಾರವು. ನಮ್ಮಂತೆ ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದವರಿಗೆ ಅದೇ ಪ್ರಮಾಣದ ಸತ್ವ ಸಿದ್ಧವಾಗಲು ಬಿಳಿಯ ಚರ್ಮದವರಿಗಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ಬೆಳಗಿನ ಎಳೆಬಿಸಿಲೇ ಇದಕ್ಕೆ ಶ್ರೇಷ್ಠವೆಂದು ಹಲವರು ನಂಬಿದ್ದಾರೆ. ಆದರೆ ಸೂರ್ಯನು ಕೆಳಗಿರುವಾಗ ಈ ಕಿರಣಗಳು ಬಹಳ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಅವು ಚೆನ್ನಾಗಿ ದೊರೆಯುತ್ತವೆ. ಮಧ್ಯಾಹ್ನದ ಬಿಡುವಿನಲ್ಲಿ ಕೆಲಹೊತ್ತು ಬಯಲಿನಲ್ಲಿ ಆಡುವುದು ಲೇಸು. ಆದರೆ ಚರ್ಮ ಸುಡುವಷ್ಟು ಹೊತ್ತು ನಿಲ್ಲಬಾರದು.

ಆಹಾರದಿಂದ ದೊರೆಯುವುದು ಸ್ವಲ್ಪವೇ. ಬಂಗುಡೆ, ಭೂತಾಯಿಯಂತಹ ಕೊಬ್ಬುಳ್ಳ ಮೀನು, ಮೊಟ್ಟೆಯ ಹಳದಿ ಇವುಗಳಲ್ಲಿ ಇದೆ. ಸಸ್ಯಾಹಾರಿಗಳಿಗೆ ದಾರಿ ಇನ್ನೂ ಕಿರಿದು. ಹಾಲಿಗೆ ಮತ್ತು ಅಡುಗೆಯ ಎಣ್ಣೆಗೆ ‘ಎ’ ಮತ್ತು ‘ಡಿ’ ಜೀವಸತ್ವಗಳನ್ನು ಬೆರೆಸಿ ಮಾರುವ ಕ್ರಮಕ್ಕೆ ನಮ್ಮ ದೇಶದಲ್ಲಿ 2018ರಲ್ಲಿ ನಿಯಮಗಳಾಗಿವೆ. ಅಂತಹ ಚೀಲಗಳ ಮೇಲೆ ‘+ಎಫ್’ ಎಂಬ ಗುರುತು ಇರುತ್ತದೆ.

ಅಳತೆಯ ಲೆಕ್ಕ

ಬಿಸಿಲೂ ಆಹಾರವೂ ಸಾಲದಿದ್ದಾಗ ವೈದ್ಯರು ಮದ್ದನ್ನು ಕೊಡುತ್ತಾರೆ. ಇಲ್ಲಿಂದ ಮುಂದಕ್ಕೆ ಎಚ್ಚರ ಬೇಕು.

ಈ ಸತ್ವವನ್ನು ಅಂತರರಾಷ್ಟ್ರೀಯ ಯೂನಿಟ್ ಎಂಬ ಮಾನದಿಂದ ಅಳೆಯುತ್ತಾರೆ. ಪೊಟ್ಟಣದ ಮೇಲೆ ಇದನ್ನು ‘ಐ.ಯು.’ ಎಂದು ಮುದ್ರಿಸಿರುತ್ತಾರೆ. 40 ಯೂನಿಟ್ ಎಂದರೆ 1 ಮೈಕ್ರೊಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೇಳಿದಂತೆ ನಿಮ್ಮಂಥವರಿಗೂ ವಯಸ್ಕರಿಗೂ ದಿನವೊಂದಕ್ಕೆ 600 ಯೂನಿಟ್ ಸಾಕು, ಕೂಸುಗಳಿಗೆ 400. ವೈದ್ಯರ ಸಲಹೆಯಿಲ್ಲದೆ ದಿನಕ್ಕೆ 4000 ಯೂನಿಟ್ಟಿಗಿಂತ ಹೆಚ್ಚು ತೆಗೆದುಕೊಳ್ಳುವುದು ದೊಡ್ಡವರಿಗೂ ಸಲ್ಲದು. ಚಿಕ್ಕ ಮಕ್ಕಳಿಗೆ ಈ ಮಿತಿ ಇನ್ನೂ ಕಡಿಮೆ.

ಈಗ ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಪೊಟ್ಟಣವನ್ನು ನೋಡಿರಿ. ಅದರ ಮೇಲೆ 60,000 ಯೂನಿಟ್ ಎಂದಿರುತ್ತದೆ. 60,000ವನ್ನು 600ರಿಂದ ಭಾಗಿಸಿದರೆ 100 ಬರುತ್ತದೆ. ಎಂದರೆ ನೂರು ದಿನಗಳ ಸತ್ವ ಒಂದು ಚಿಟಿಕೆ ಪುಡಿಯಲ್ಲಿ ಅಡಗಿದೆ! ಇದೇ ಪ್ರಮಾಣವು ಮೆತ್ತನೆಯ ಗುಳಿಗೆಯಾಗಿಯೂ, ಬೆರಳುದ್ದದ ಪುಟ್ಟ ಶೀಶೆಯ ದ್ರವವಾಗಿಯೂ ಬರುತ್ತದೆ. ಕೊರತೆ ಹೆಚ್ಚಾಗಿರುವವರಿಗೆ ವೈದ್ಯರು ಇದನ್ನು ವಾರಕ್ಕೊಂದರಂತೆ ಕೆಲವು ವಾರಗಳವರೆಗೆ, ಸಾಮಾನ್ಯವಾಗಿ ಎಂಟು ವಾರಗಳವರೆಗೆ ಕೊಟ್ಟು, ಆಮೇಲೆ ಕಡಿಮೆ ಮಾಡುತ್ತಾರೆ. ಎಂಟು ವಾರಗಳಲ್ಲಿ ಶರೀರಕ್ಕೆ ಸೇರುವುದು 4,80,000 ಯೂನಿಟ್. ಅದನ್ನೇ ದಿನಕ್ಕೊಂದರಂತೆ ಎಂಟು ವಾರ ತೆಗೆದುಕೊಂಡರೆ 33,60,000 ಯೂನಿಟ್ ಆಗುತ್ತದೆ. ‘ವಾರ’ ಎಂಬ ಒಂದು ಶಬ್ದ ತಪ್ಪಿದರೆ ಮದ್ದು ಏಳು ಪಟ್ಟಾಗುತ್ತದೆ.

ಹೆಚ್ಚಾದರೆ

‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆ ಈ ಜೀವಸತ್ವಕ್ಕೆ ಚೆನ್ನಾಗಿ ಒಪ್ಪುತ್ತದೆ. ‘ಸಿ’ ಜೀವಸತ್ವವು ನೀರಿನಲ್ಲಿ ಕರಗುವಂಥದು. ಹೆಚ್ಚಾದುದರಲ್ಲಿ ಬಹುಭಾಗ ಮೂತ್ರದೊಡನೆ ಹೊರಟುಹೋಗುತ್ತದೆ. ‘ಡಿ’ ಹಾಗಲ್ಲ. ಅದು ಕೊಬ್ಬಿನಲ್ಲಿ ಕರಗಿ ಶರೀರದಲ್ಲಿಯೇ ಶೇಖರವಾಗುತ್ತದೆ. ಮದ್ದು ನಿಲ್ಲಿಸಿದರೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಅತಿಯಾದಾಗ ರಕ್ತದಲ್ಲಿ ಸುಣ್ಣದ ಅಂಶ ಏರುತ್ತದೆ. ಹಸಿವು ಕುಂದುವುದು, ವಾಕರಿಕೆ, ವಾಂತಿ, ಮಲಬದ್ಧತೆ, ಅತಿಯಾದ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ನಿಶ್ಶಕ್ತಿ, ಬುದ್ಧಿಭ್ರಮೆ ಇವು ಅದರ ಲಕ್ಷಣಗಳು. ಅಲಕ್ಷಿಸಿದರೆ ಮೂತ್ರಪಿಂಡಗಳು ಕೆಡಬಹುದು, ಹೃದಯದ ಬಡಿತ ತಾಳ ತಪ್ಪಬಹುದು. ಬಿಸಿಲಿನಿಂದ ಹೀಗಾಗುವುದಿಲ್ಲ. ಹೆಚ್ಚಾದುದನ್ನು ಚರ್ಮವು ತಾನೇ ನಿರುಪದ್ರವಿ ಪದಾರ್ಥಗಳಾಗಿ ಮಾರ್ಪಡಿಸಿಬಿಡುತ್ತದೆ. ಬಾಯಿಯಿಂದ ನುಂಗಿದ ಮದ್ದಿಗೆ ಅಂತಹ ಕಾವಲು ಇಲ್ಲ.

ನಮ್ಮ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳುವುದು ಉಚಿತ. ಆಕೆಯ ಅಜ್ಜಿ ಊರಿನಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮೊಣಕಾಲು ನೋವೆಂದು ಹೋದಾಗ ವೈದ್ಯರು ಪೊಟ್ಟಣವನ್ನು ಕೊಟ್ಟು “ಆಠವಡ್ಯಾತೂನ್ ಏಕದಾ” ಎಂದರು. ವಾರಕ್ಕೊಮ್ಮೆ ಎಂದು ಅದರ ಅರ್ಥ. ಮರಾಠಿ ತಿಳಿಯದ ಅಜ್ಜಿಗೆ ಅರ್ಥವಾದುದು ‘ಏಕ’ ಎಂಬುದೊಂದೇ. ಅವರು ದಿನಕ್ಕೊಂದರಂತೆ ಹಾಲಿನಲ್ಲಿ ಬೆರೆಸಿ ಕುಡಿಯುತ್ತ ಬಂದರು. ಮುಗಿದಾಗಲೆಲ್ಲ ಖಾಲಿ ಪೊಟ್ಟಣವನ್ನು ತೋರಿಸಿ ಅಂಗಡಿಯಿಂದ ತರಿಸಿಕೊಂಡರು. ಒಂದೂವರೆ ತಿಂಗಳಾಗುವಷ್ಟರಲ್ಲಿ ಅನ್ನ ಸೇರದಾಯಿತು, ವಾಂತಿ ಹತ್ತಿತು, ಮಾತು ತೊದಲತೊಡಗಿತು. ಮುಪ್ಪಿನ ಲಕ್ಷಣವೆಂದು ಮನೆಯವರು ತಿಳಿದರು. ಅಜ್ಜಿ ಯಾವುದನ್ನೂ ಎಸೆಯುವವರಲ್ಲವಾದುದರಿಂದ ಖಾಲಿ ಪೊಟ್ಟಣಗಳನ್ನು ಡಬ್ಬಿಯೊಂದರಲ್ಲಿ ಹಾಕಿಡುತ್ತಿದ್ದರು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಒಂದು ದಿನ ಅವನ್ನು ಎಣಿಸಿ ನೋಡಿದಳು. ನಲವತ್ತಕ್ಕೂ ಹೆಚ್ಚು ಇದ್ದವು, ಇರಬೇಕಾದುದು ಆರೇಳು. ಆಕೆ ಆ ಡಬ್ಬಿಯನ್ನೇ ಆಸ್ಪತ್ರೆಗೆ ಒಯ್ದು ವೈದ್ಯರ ಮುಂದಿಟ್ಟಳು. ಅವರು ರಕ್ತವನ್ನು ಪರೀಕ್ಷಿಸಿ, ಮದ್ದನ್ನು ನಿಲ್ಲಿಸಿ, ಸಲೈನ್ ಏರಿಸಿ ಉಪಚರಿಸಿದರು. ಅಜ್ಜಿ ಚೇತರಿಸಿಕೊಳ್ಳಲು ಹಲವು ವಾರಗಳು ಹಿಡಿದವು, ಆದರೆ ಉಳಿದುಕೊಂಡರು. ಆ ಹುಡುಗಿ ಮಾಡಿದುದು ಎರಡು ಕೆಲಸ: ಎಣಿಸಿದಳು, ಎಣಿಸಿದುದನ್ನು ಹೇಳಬೇಕಾದವರಿಗೆ ಹೇಳಿದಳು.

ತಿಳಿದಿರಬೇಕಾದ ನಿಯಮಗಳು

1. ಪೊಟ್ಟಣದ ಮೇಲಿನ ಅಂಕಿಯನ್ನು ಓದಿರಿ. 600, 1000, 2000 ಯೂನಿಟ್ಟಿನವು ಸಾಮಾನ್ಯವಾಗಿ ದಿನದ ಮದ್ದು. 60,000 ದಿನದ ಮದ್ದಲ್ಲ. ‘ವಾರಕ್ಕೊಮ್ಮೆ’ ಅಥವಾ ‘ದಿನಕ್ಕೊಮ್ಮೆ’ ಎಂದು ವೈದ್ಯರನ್ನೇ ಕೇಳಿ, ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದಿಡಿರಿ. ಎಷ್ಟನೆಯ ತಾರೀಖಿನವರೆಗೆ ಎಂಬುದನ್ನೂ ಬರೆಯಿರಿ.

2. ಒಂದೇ ಸತ್ವವು ಎರಡು ಹೆಸರುಗಳಲ್ಲಿ ಮನೆಯೊಳಗೆ ಬರಬಹುದು. ಕ್ಯಾಲ್ಸಿಯಂ ಮಾತ್ರೆಗಳಲ್ಲಿಯೂ, ಹಲವು ಜೀವಸತ್ವಗಳು ಬೆರೆತ ಮಾತ್ರೆಗಳಲ್ಲಿಯೂ ‘ಡಿ3’ ಇರುವುದುಂಟು. ಅದರ ಇನ್ನೊಂದು ಹೆಸರು ಕೊಲೆಕ್ಯಾಲ್ಸಿಫೆರಾಲ್. ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕತಕ್ಕದ್ದು.

3. ಕೂಸುಗಳಿಗೆ ಕೊಡುವ ಹನಿಮದ್ದಿನಲ್ಲಿ ಒಂದು ಮಿಲಿಲೀಟರಿಗೆ 400 ಯೂನಿಟ್ಟಿನದೂ ಇದೆ, 800ರದೂ ಇದೆ. ಶೀಶೆ ಬದಲಾದರೆ ಅಳತೆಯೂ ಬದಲಾಗುತ್ತದೆ. ಅದರೊಡನೆ ಬಂದ ಅಳತೆಯ ನಳಿಕೆಯನ್ನೇ ಬಳಸಬೇಕು. ದೊಡ್ಡವರ ಪುಟ್ಟ ಶೀಶೆಯನ್ನು ಕೂಸಿನ ಹನಿಮದ್ದೆಂದು ಎಂದೂ ಭ್ರಮಿಸಬಾರದು.

4. ಇದು ಕೊಬ್ಬಿನಲ್ಲಿ ಕರಗುವ ಸತ್ವವಾದುದರಿಂದ ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳದೆ ಊಟದೊಡನೆ ಅಥವಾ ಹಾಲಿನೊಡನೆ ತೆಗೆದುಕೊಂಡರೆ ಚೆನ್ನಾಗಿ ಮೈಗೂಡುತ್ತದೆ.

5. ಮೂತ್ರಪಿಂಡದ ವ್ಯಾಧಿ ಇರುವವರು, ಮೂತ್ರಪಿಂಡದಲ್ಲಿ ಕಲ್ಲಾದವರು, ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನೋ ಹೃದಯಕ್ಕೆಂದು ಡಿಗಾಕ್ಸಿನ್ ಎಂಬ ಮಾತ್ರೆಯನ್ನೋ ನುಂಗುವವರು ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಥೈರಾಯ್ಡ್ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ನಾಲ್ಕು ಗಂಟೆಗಳ ಅಂತರವಿರಬೇಕು.

6. ಪಕ್ಕದ ಮನೆಯವರಿಗೆ ಗುಣ ಕೊಟ್ಟಿತೆಂದು ಅವರ ಮದ್ದನ್ನು ತಂದು ನುಂಗಬಾರದು. ಅವರ ಕೊರತೆಯ ಲೆಕ್ಕ ಬೇರೆ, ನಿಮ್ಮ ಮನೆಯ ಲೆಕ್ಕ ಬೇರೆ.

ಮರೆವು ಮತ್ತು ನೆನಪು

ಮರೆವು ಮನುಷ್ಯನಿಗೆ ಸಹಜ. ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸಿರಿವಂತ ದೇಶಗಳಲ್ಲಿಯೂ ದೀರ್ಘಕಾಲದ ವ್ಯಾಧಿಗಳಿಗೆ ಮದ್ದನ್ನು ಹೇಳಿದಂತೆ ತೆಗೆದುಕೊಳ್ಳುವವರು ಸರಾಸರಿ ಅರ್ಧದಷ್ಟು ಮಾತ್ರ. ಆದುದರಿಂದ ಮರೆತವರನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಮರೆಯದಂತೆ ಏರ್ಪಾಡು ಮಾಡುವುದೇ ಜಾಣತನ.

ಈ ಪಾಠವನ್ನು ಜಗತ್ತಿಗೆ ಕಲಿಸಿದುದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯರೋಗ ಚಿಕಿತ್ಸಾ ಕೇಂದ್ರದಲ್ಲಿ, ಕೆಲವು ರೋಗಿಗಳನ್ನು ಆರೋಗ್ಯಧಾಮದಲ್ಲಿಯೂ ಉಳಿದವರನ್ನು ಅವರವರ ಮನೆಗಳಲ್ಲಿಯೂ ಇರಿಸಿ ಒಂದೇ ಮದ್ದನ್ನು ಕೊಟ್ಟು ನೋಡಿದರು. 1959ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬಡವರ ಇಕ್ಕಟ್ಟಾದ ಮನೆಯಲ್ಲಿಯೂ ಮದ್ದು ಹೆಚ್ಚುಕಡಿಮೆ ಅಷ್ಟೇ ಗುಣ ಕೊಟ್ಟಿತ್ತು. ಆದರೆ ಮನೆಯಲ್ಲಿ ತಿಂಗಳುಗಟ್ಟಲೆ ತಪ್ಪದೆ ನುಂಗುವಂತೆ ಮಾಡುವುದೇ ಕಷ್ಟವೆಂಬುದೂ ಅಲ್ಲಿಯೇ ತಿಳಿಯಿತು. ಮದ್ದನ್ನು ಇನ್ನೊಬ್ಬರು ಕಣ್ಣಾರೆ ನೋಡುತ್ತಿರುವಾಗ ನುಂಗಿಸುವ ಪದ್ಧತಿ ಬೆಳೆದುದು ಇಂತಹ ಅನುಭವದಿಂದ.

ನಿಮ್ಮ ಮನೆಯಲ್ಲಿ ಆ ಇನ್ನೊಬ್ಬರು ನೀವಾಗಬಹುದು. ಅದಕ್ಕೆ ಕೆಲವು ಉಪಾಯಗಳನ್ನು ಹೇಳುತ್ತೇವೆ.

ದಿನದ ಮದ್ದನ್ನು ದಿನವೂ ತಪ್ಪದ ಒಂದು ಕೆಲಸಕ್ಕೆ ಗಂಟುಹಾಕಿರಿ. ಬೆಳಗಿನ ಕಾಫಿ, ರಾತ್ರಿಯ ಊಟ, ಸಂಜೆ ದೇವರ ಮುಂದೆ ದೀಪ ಹಚ್ಚುವುದು, ಹೀಗೆ ಯಾವುದಾದರೂ ಆಗಬಹುದು. ಬರಿಹೊಟ್ಟೆಯ ಮದ್ದೋ ಊಟದ ಮದ್ದೋ ಎಂಬುದನ್ನು ನೋಡಿ ಆರಿಸಬೇಕು, ಅಷ್ಟೇ. ವಾರದ ಮದ್ದಿಗೆ ಒಂದು ವಾರವನ್ನು ಗೊತ್ತುಪಡಿಸಿರಿ. ಬಿಸಿಲಿನ ಸತ್ವಕ್ಕೆ ರವಿವಾರಕ್ಕಿಂತ ತಕ್ಕ ದಿನ ಯಾವುದು? ಸೂರ್ಯನ ಹೆಸರಿನ ದಿನ ಸೂರ್ಯನ ಮದ್ದು ಎಂದರೆ ಅಜ್ಜಿಯೂ ಮರೆಯಲಾರರು.

ಗೋಡೆಯ ಪಂಚಾಂಗದಲ್ಲಿ ಮದ್ದು ತೆಗೆದುಕೊಂಡ ದಿನಕ್ಕೆ ಗುರುತು ಹಾಕಿರಿ. ನುಂಗುವ ಮೊದಲು ಹಾಕಬಾರದು; ನುಂಗಿದ ಮೇಲೆಯೇ ಹಾಕಬೇಕು. ಮೊದಲೇ ಹಾಕಿಟ್ಟರೆ, ನಡುವೆ ಬಾಗಿಲಲ್ಲಿ ಯಾರೋ ಕರೆದರೆಂದು ಎದ್ದುಹೋದವರು ಹಿಂದಿರುಗಿ ಗುರುತನ್ನು ನೋಡಿ ನುಂಗಿದೆವೆಂದೇ ತಿಳಿಯುತ್ತಾರೆ. ಗುರುತಿನಿಂದ ಎರಡು ಲಾಭಗಳುಂಟು. ಮರೆತುದೂ ತಿಳಿಯುತ್ತದೆ, ಮರೆತೆನೆಂದು ಭ್ರಮಿಸಿ ಎರಡನೆಯ ಬಾರಿ ನುಂಗುವುದೂ ತಪ್ಪುತ್ತದೆ. ವಾರದ ಏಳು ದಿನಗಳಿಗೆ ಏಳು ಮನೆಗಳಿರುವ ಮಾತ್ರೆಯ ಪೆಟ್ಟಿಗೆಗಳು ಔಷಧದ ಅಂಗಡಿಯಲ್ಲಿ ದೊರೆಯುತ್ತವೆ. ಖಾಲಿಯಾದ ಮನೆಯೇ ಸಾಕ್ಷಿ. ಮೊಬೈಲಿನಲ್ಲಿ ಗಂಟೆ ಬಾರಿಸುವಂತೆ ಇಡುವುದೂ ಒಳ್ಳೆಯದೇ. ಆದರೆ ಗಂಟೆಯನ್ನು ನಿಲ್ಲಿಸುವುದು ಮದ್ದನ್ನು ನುಂಗಿದಂತೆ ಆಗದೆಂಬುದು ನೆನಪಿರಲಿ.

ಮರೆತುಹೋದರೆ? ಸಾಮಾನ್ಯ ನಿಯಮ ಹೀಗಿದೆ. ನೆನಪಾದೊಡನೆ ತೆಗೆದುಕೊಳ್ಳಬೇಕು, ಮುಂದಿನ ಹೊತ್ತು ಸಮೀಪಿಸಿದ್ದರೆ ಬಿಟ್ಟುಬಿಡಬೇಕು, ಯಾವ ಕಾರಣಕ್ಕೂ ಎರಡನ್ನು ಒಟ್ಟಿಗೆ ನುಂಗಬಾರದು. ರವಿವಾರದ ‘ಡಿ’ ಜೀವಸತ್ವವನ್ನು ಮರೆತು ಮಂಗಳವಾರ ನೆನಪಾದರೆ ಮಂಗಳವಾರ ತೆಗೆದುಕೊಂಡು, ಮತ್ತೆ ಎಂದಿನಂತೆ ರವಿವಾರಕ್ಕೆ ಮರಳಬಹುದು. ಶರೀರದಲ್ಲಿ ಶೇಖರವಾಗುವ ಸತ್ವವಾದುದರಿಂದ ಎರಡು ದಿನ ತಡವಾದರೆ ಕೇಡಿಲ್ಲ. ಸಕ್ಕರೆ ಕಾಯಿಲೆಯ ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ, ಮೂರ್ಛೆರೋಗದ ಮಾತ್ರೆ ಇವುಗಳ ಮಾತು ಬೇರೆ. ಇವು ತಪ್ಪಿದರೆ ಏನು ಮಾಡಬೇಕೆಂಬುದನ್ನು ವೈದ್ಯರಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಮೇ ತಿಂಗಳ ರಜೆಯಲ್ಲಿ ನೀವೆಲ್ಲ ಊರಿಗೆ ಹೊರಡುತ್ತೀರಿ. ಹೊರಡುವ ಗಡಿಬಿಡಿಯಲ್ಲಿ ಹಿರಿಯರ ಮದ್ದು ಇಲ್ಲಿಯೇ ಉಳಿದುಬಿಡುವುದುಂಟು. ಪ್ರಯಾಣದ ಸಾಮಾನಿನ ಪಟ್ಟಿಯಲ್ಲಿ ಮದ್ದನ್ನು ಮೊದಲು ಬರೆಯಿರಿ. ವೈದ್ಯರ ಚೀಟಿಯನ್ನೂ ಒಯ್ಯಿರಿ. ಮಳೆಗಾಲದ ತೇವದಿಂದ ಮಾತ್ರೆಗಳು ಕೆಡದಂತೆ ಒಣಗಿದ ಸ್ಥಳದಲ್ಲಿ, ಒಲೆಯಿಂದ ದೂರ, ಎಳೆಯ ಮಕ್ಕಳ ಕೈಗೆ ನಿಲುಕದಂತೆ ಇಡಬೇಕು. ಸಿಹಿಯಾದ ಪುಡಿಯನ್ನು ಮಿಠಾಯಿಯೆಂದು ತಿನ್ನುವ ಮಕ್ಕಳಿದ್ದಾರೆ.

ಕೊನೆಯದಾಗಿ ಒಂದು ಮಾತು. ಈ ಪಾಠವನ್ನು ಓದಿದ ಮಾತ್ರಕ್ಕೆ ನೀವು ವೈದ್ಯರಾಗಲಿಲ್ಲ. ಯಾರ ಮದ್ದನ್ನೂ ನೀವಾಗಿ ನಿಲ್ಲಿಸಬೇಡಿರಿ, ಹೆಚ್ಚಿಸಬೇಡಿರಿ, ಬದಲಿಸಬೇಡಿರಿ. ಓದುವುದು, ಎಣಿಸುವುದು, ಬರೆದಿಡುವುದು, ಸಂದೇಹ ಬಂದರೆ ಕೇಳುವುದು ಇವು ನಿಮ್ಮ ಕೆಲಸ. ಶಾಲೆಯಲ್ಲಿ ಕಲಿತ ಅಕ್ಷರವೂ ಅಂಕಿಯೂ ಪರೀಕ್ಷೆಯ ಕಾಗದದ ಮೇಲೆ ಮಾತ್ರವೇ ಉಪಯೋಗಕ್ಕೆ ಬರತಕ್ಕವಲ್ಲ. ಅವು ಮನೆಯವರ ಆಯುಷ್ಯವನ್ನೂ ಕಾಯಬಲ್ಲವು.

ಅಭ್ಯಾಸ

1. ಗಾಜಿನ ಕಿಟಕಿಯ ಬಳಿ ಬಿಸಿಲಿನಲ್ಲಿ ಕುಳಿತರೆ ‘ಡಿ’ ಜೀವಸತ್ವ ಏಕೆ ದೊರೆಯುವುದಿಲ್ಲ?

2. ಒಬ್ಬರು ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆಗಳನ್ನೂ ಹಲವು ಜೀವಸತ್ವಗಳ ಒಂದು ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಮೊದಲಿನ ಒಂದೊಂದರಲ್ಲಿ 500 ಯೂನಿಟ್, ಎರಡನೆಯದರಲ್ಲಿ 400 ಯೂನಿಟ್ ‘ಡಿ3’ ಇದೆ. ದಿನದ ಒಟ್ಟು ಪ್ರಮಾಣವೆಷ್ಟು?

3. ಒಂದು ಮಿಲಿಲೀಟರಿಗೆ 800 ಯೂನಿಟ್ ಇರುವ ಹನಿಮದ್ದಿನಿಂದ ಕೂಸಿಗೆ 400 ಯೂನಿಟ್ ಕೊಡಬೇಕಾದರೆ ಎಷ್ಟು ಮಿಲಿಲೀಟರ್ ಅಳೆಯಬೇಕು?

4. ನಿಮ್ಮ ಮನೆಯ ಹಿರಿಯರೊಬ್ಬರು ತೆಗೆದುಕೊಳ್ಳುವ ಮದ್ದುಗಳ ಹೆಸರು, ಪ್ರಮಾಣ, ಹೊತ್ತು, ಯಾವ ತಾರೀಖಿನವರೆಗೆ ಎಂಬುದನ್ನು ಅವರನ್ನು ಕೇಳಿ ಕನ್ನಡದಲ್ಲಿ ಒಂದು ಪಟ್ಟಿ ಮಾಡಿರಿ. ಅದನ್ನು ಅವರಿಗೆ ಓದಿ ಹೇಳಿರಿ. ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಅದನ್ನು ಒಯ್ದು ಸರಿಯಿದೆಯೇ ಎಂದು ಕೇಳಿರಿ.